ನಾನು ನೋಡಿಕೊಳ್ಳುತ್ತೇನೆ

ಹೆಂಗಸರು ದಿನಕ್ಕೆ ಹತ್ತು ಸಲವಾದರೂ ಆಡುವ ಮಾತೊಂದಿದೆ: "ನೀವು ಹೋಗಿ ಬನ್ನಿ, ನಾನು ನೋಡ್ಕೋತೀನಿ." ಅತ್ತೆ ದೇವಸ್ಥಾನಕ್ಕೆ ಹೊರಟಾಗ ಒಲೆಯ ಮೇಲಿನ ಹಾಲಿಗಾಗಿ ಆಡುತ್ತೇವೆ. ಪಕ್ಕದ ಮನೆಯಾಕೆ ಮಗುವನ್ನು ಬಿಟ್ಟು ಆಸ್ಪತ್ರೆಗೆ ಓಡುವಾಗ ಆಡುತ್ತೇವೆ. ಊರಿಗೆ ಹೊರಟ ತಂಗಿ ತನ್ನ ಗಿಡಗಳಿಗೆ ನೀರು ಹಾಕುವವರು ಯಾರೆಂದು ಚಿಂತಿಸಿದಾಗಲೂ ಅದೇ ಮಾತು. ಇದಕ್ಕಿಂತ ನೆಮ್ಮದಿ ಕೊಡುವ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲವೆಂದು ನಾನು ತಿಳಿದಿದ್ದೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಗಂಡಸರು ಕೊರಳಪಟ್ಟಿ ಹಿಡಿದು ಜಗಳವಾಡಿ, ಜನ ಬಿಡಿಸಿದ ಮೇಲೆ ಬೆರಳು ತೋರಿಸುತ್ತಾ ಆಡುವ ಮಾತೂ ಇದೇ ತಾನೇ? "ನೋಡ್ಕೋತೀನಿ." ಅಕ್ಷರಗಳು ಅವೇ. ಒಂದರಲ್ಲಿ ತಾಯಿ ಇದ್ದಾಳೆ, ಇನ್ನೊಂದರಲ್ಲಿ ರೌಡಿ ಇದ್ದಾನೆ. ಈ ಎರಡರ ನಡುವೆ ಇರುವುದು ಬರೀ ದನಿ ಮತ್ತು ಮುಖ. ಅವೆರಡನ್ನೂ ಕಳಚಿಟ್ಟು ಮಾತನ್ನು ಮಾತ್ರ ಕಳಿಸಿದರೆ ಏನಾಗುತ್ತದೆ ಎನ್ನುವುದನ್ನು ನಾನು ಕಲಿತದ್ದು 2018ರ ಜೂನ್ ತಿಂಗಳಲ್ಲಿ. ಕಲಿಕೆಯ ಶುಲ್ಕವಾಗಿ ನನ್ನ ಕೆಲಸವೇ ಹೋಗುವುದರಲ್ಲಿತ್ತು.

ನಾನು ಹಾಸನದ ಒಂದು ಖಾಸಗಿ ಪ್ರೌಢಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಅನುದಾನದ ಹುದ್ದೆಯಲ್ಲ, ಆಡಳಿತ ಮಂಡಳಿಯವರೇ ಸಂಬಳ ಕೊಡುವ ಹುದ್ದೆ. ಆ ಹೊತ್ತಿಗೆ ಹದಿನೇಳು ವರ್ಷ ಕೆಲಸ ಮಾಡಿದ್ದೆ. ತಿಂಗಳಿಗೆ 13,800 ರೂಪಾಯಿ ಕೈಗೆ ಬರುತ್ತಿತ್ತು. ನಮ್ಮವರದು ಸಣ್ಣ ಜೆರಾಕ್ಸ್ ಅಂಗಡಿ. ಪರೀಕ್ಷೆಯ ಕಾಲದಲ್ಲಿ ಪರವಾಗಿಲ್ಲ, ಮಳೆಗಾಲದಲ್ಲಿ ನೊಣ ಹೊಡೆಯುವ ವ್ಯಾಪಾರ. ಮಗಳು ದ್ವಿತೀಯ ಪಿಯುಸಿ. ಮನೆಯ ಸಾಲದ ಕಂತು ನನ್ನ ಸಂಬಳದಿಂದಲೇ ಹೋಗಬೇಕು. ಇಷ್ಟು ಹೇಳಿದರೆ ಸಾಕು, ಉಳಿದದ್ದು ನಿಮಗೇ ಗೊತ್ತಾಗುತ್ತದೆ.

ಶಾಲೆಯ ಲೆಕ್ಕವನ್ನು ಊರಿನ ಇನ್ನೊಂದು ತುದಿಯಲ್ಲಿರುವ ಟ್ರಸ್ಟ್ ಕಚೇರಿಯವರು ತಾಳೆ ನೋಡುತ್ತಾರೆ. ಅಲ್ಲಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಿದ್ದಳು. ಮುಖ ನೋಡಿರಲಿಲ್ಲ, ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು, ತಂದೆ ತೀರಿಕೊಂಡು ವರ್ಷವಾಗಿಲ್ಲ ಎಂದು ಯಾರೋ ಹೇಳಿದ್ದರು. ಜೂನ್ ಎರಡನೆಯ ವಾರದ ಒಂದು ರಾತ್ರಿ ಅವಳಿಂದ ಇ-ಮೇಲ್ ಬಂತು. ಮೇ ತಿಂಗಳಲ್ಲಿ ಕೊಟ್ಟ ಶುಲ್ಕದ ರಸೀದಿಗಳಿಗೂ ಬ್ಯಾಂಕಿಗೆ ಜಮಾ ಆದ ಹಣಕ್ಕೂ 18,600 ರೂಪಾಯಿ ವ್ಯತ್ಯಾಸ ಬರುತ್ತಿದೆ, ವಿವರ ಕೊಡಿ ಎಂದಿತ್ತು. ಅದು ಅವಳು ಆ ವಾರ ಕಳಿಸಿದ ಮೂರನೆಯ ಪತ್ರ.

ವ್ಯತ್ಯಾಸದ ಗುಟ್ಟು ನನಗೆ ಗೊತ್ತಿತ್ತು. ಆ ವರ್ಷ ಮೇ 30 ಮತ್ತು 31ರಂದು ದೇಶದಾದ್ಯಂತ ಬ್ಯಾಂಕ್ ನೌಕರರ ಮುಷ್ಕರ. ಆ ಎರಡು ದಿನ ಮೂವರು ಪೋಷಕರು ಚೆಕ್ ಕೊಟ್ಟಿದ್ದರು, ನಾನು ರಸೀದಿ ಹರಿದುಕೊಟ್ಟಿದ್ದೆ. ಚೆಕ್ಕುಗಳು ಬ್ಯಾಂಕಿಗೆ ಹೋದದ್ದು ಜೂನ್‌ನಲ್ಲಿ. ರಸೀದಿ ಮೇ ತಿಂಗಳ ಲೆಕ್ಕಕ್ಕೆ, ಹಣ ಜೂನ್ ಲೆಕ್ಕಕ್ಕೆ. ಪಾಸ್‌ಬುಕ್ ನಮೂದಿಸಿಕೊಂಡು ಬಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಮುಗಿಯಿತು. ಪಾಪ, ರಾತ್ರಿ ಒಂಬತ್ತೂವರೆಗೆ ಕೂತು ಈ ಹುಡುಗಿ ಒದ್ದಾಡುತ್ತಿದ್ದಾಳಲ್ಲ ಎನಿಸಿತು. ಕುಕ್ಕರಿನ ಸೀಟಿ ಎಣಿಸುತ್ತಾ, ಫೋನಿನಲ್ಲೇ ಮೂರು ಸಾಲು ಕುಟ್ಟಿ ಕಳಿಸಿದೆ:

"ಈ ವಿಷಯ ಇಲ್ಲಿಗೆ ಬಿಟ್ಟುಬಿಡಿ. ಇನ್ನು ನಾನು ನೋಡಿಕೊಳ್ಳುತ್ತೇನೆ. ನೀವು ಹೊಸಬರು, ಇಷ್ಟೊಂದು ತಲೆ ಹಾಕಬೇಡಿ."

ಕೊನೆಯಲ್ಲಿ 'ತಲೆ ಕೆಡಿಸಿಕೊಳ್ಳಬೇಡಿ' ಎಂದಿರಬೇಕಿತ್ತು. ಕುಕ್ಕರ್ ಕೂಗಿತೋ, ನನ್ನ ಬೆರಳು ಜಾರಿತೋ, 'ತಲೆ ಹಾಕಬೇಡಿ' ಎಂದೇ ಹೋಯಿತು. ಈಗ ನೀವು ಆ ಮೂರು ಸಾಲುಗಳನ್ನು ಇನ್ನೊಂದು ಸಲ ಓದಿ. ನನ್ನನ್ನು ಗೊತ್ತಿಲ್ಲದವರಂತೆ ಓದಿ. ಲೆಕ್ಕದಲ್ಲಿ ಹಣ ಕಡಿಮೆ ಬಂದಿದೆ ಎಂದು ಪತ್ತೆ ಹಚ್ಚಿದ ಹೊಸ ಹುಡುಗಿಗೆ ಹಳೆಯ ಗುಮಾಸ್ತೆ ಬರೆದ ಸಾಲುಗಳೆಂದು ಓದಿ. ಹೊಟ್ಟೆಯಲ್ಲಿ ತಣ್ಣಗಾಗುವುದಿಲ್ಲವೇ?

ಆ ಪತ್ರದ ಪ್ರತಿ ಟ್ರಸ್ಟಿನ ಕಾರ್ಯದರ್ಶಿಗಳಿಗೂ ಖಜಾಂಚಿಗಳಿಗೂ ಹೋಗುತ್ತಿತ್ತು. ಎಲ್ಲರಿಗೂ ಉತ್ತರ ಹೋಗುವ ಗುಂಡಿಯನ್ನೇ ನಾನು ಒತ್ತಿದ್ದೆ. ಮಾರನೆಯ ದಿನ ಮಧ್ಯಾಹ್ನ ಆಳು ಒಂದು ಲಕೋಟೆ ತಂದುಕೊಟ್ಟ. ಲೆಕ್ಕದ ಪರಿಶೀಲನೆಗೆ ಅಡ್ಡಿಪಡಿಸಿ ಸಿಬ್ಬಂದಿಯನ್ನು ಬೆದರಿಸಿದ್ದೀರಿ. ನಿಮ್ಮನ್ನು ಸೇವೆಯಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಏಳು ದಿನದೊಳಗೆ ಕಾರಣ ಕೊಡಿ. ಅಲ್ಲಿಯವರೆಗೆ ಬೀಗದಕೈಗಳನ್ನು ಮುಖ್ಯೋಪಾಧ್ಯಾಯಿನಿಯವರಿಗೆ ಒಪ್ಪಿಸಿ.

ನೋಟಿಸಿಗಿಂತ ಹೆಚ್ಚು ಉರಿದದ್ದು ಆ ಬೀಗದಕೈಯ ಮಾತು. ಹದಿನೇಳು ವರ್ಷ ಆ ಗೊಂಚಲು ನನ್ನ ಸೊಂಟದಲ್ಲಿತ್ತು. ಹೆರಿಗೆ ರಜೆ ತೆಗೆದುಕೊಂಡವರು, ವರ್ಗವಾಗಿ ಹೋದವರು, ನಿವೃತ್ತರಾದವರು ಎಲ್ಲರ ಕಡತಗಳೂ ಆ ಬೀರುವಿನಲ್ಲಿ. ಹೆಡ್‌ಮಿಸ್ಟ್ರೆಸ್ ನನ್ನ ಮುಖ ನೋಡದೆ ಕೈ ಚಾಚಿದರು. ನಾನು ಅವರ ಮುಖ ನೋಡದೆ ಕೊಟ್ಟೆ. ಹೊರಗೆ ಹಾಸನದ ಜಿಟಿಜಿಟಿ ಮಳೆ. ಮನೆಗೆ ನಡೆದುಕೊಂಡು ಬಂದೆ. ಆಟೋಗೆ ನಲವತ್ತು ರೂಪಾಯಿ ಕೊಡುವಾಗ ಯೋಚಿಸಬೇಕು ಎಂದು ಆಗಲೇ ಅನ್ನಿಸತೊಡಗಿತ್ತು.

ಹಣದ ವಿಷಯ ಒಂದೇ ದಿನದಲ್ಲಿ ಬಗೆಹರಿಯಿತು. ಪಾಸ್‌ಬುಕ್, ಚೆಕ್ಕಿನ ನಕಲು, ಮುಷ್ಕರದ ದಿನಾಂಕ ಎಲ್ಲವನ್ನೂ ಒಪ್ಪಿಸಿದೆ. ಪೈಸೆಗೆ ಪೈಸೆ ಸರಿಹೋಯಿತು. ಆದರೆ ಬೆದರಿಕೆಯ ಆರೋಪ ಅಲ್ಲೇ ಉಳಿಯಿತು. ಹೆಡ್‌ಮಿಸ್ಟ್ರೆಸ್ ಫೋನ್ ಮಾಡಿ, "ಒಂದು ಕ್ಷಮಾಪಣೆ ಬರೆದುಕೊಟ್ಟುಬಿಡಿ. ನಾನು ಮೇಲಿನವರ ಹತ್ರ ಮಾತಾಡ್ತೀನಿ. ಒಕ್ಕಣೆ ಅವರೇ ಕಳಿಸಿದ್ದಾರೆ, ಸಹಿ ಹಾಕಿದರೆ ಆಯ್ತು" ಎಂದರು. ಒಕ್ಕಣೆ ನೋಡಿದೆ: 'ಸಹೋದ್ಯೋಗಿಯನ್ನು ಬೆದರಿಸಿ ತಪ್ಪು ಮಾಡಿದ್ದೇನೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ.'

ನಮ್ಮವರು ಹೇಳಿದರು, "ನೋಡು, ಎರಡು ಸಾಲು. ಸಹಿ ಹಾಕು. ಬರೆದುಕೊಟ್ಟ ಮಾತ್ರಕ್ಕೆ ನೀನು ಬೆದರಿಸಿದ ಹಾಗಾಯ್ತಾ? ಹಾಳೆ ಅವರ ಕಡತದಲ್ಲಿರುತ್ತೆ, ಸಂಬಳ ನಮ್ಮ ಮನೆಗೆ ಬರುತ್ತೆ." ಅದರಲ್ಲಿ ತಪ್ಪೇನೂ ಇರಲಿಲ್ಲ. ಕಂತು ಕಟ್ಟಬೇಕಾದ ತಾರೀಖು ಅವರಿಗೂ ಗೊತ್ತು. ಅತ್ತೆ ಮಾತ್ರ ಅಕ್ಕಿ ಆರಿಸುತ್ತಾ, "ಮಾಡದೆ ಇರೋದನ್ನ ಮಾಡಿದೆ ಅಂತ ಬರೆದುಕೊಟ್ರೆ, ನಾಳೆ ನಿಜವಾಗ್ಲೂ ಏನಾದ್ರೂ ಕಳೆದುಹೋದಾಗ ಮೊದಲು ಹುಡುಕೋದು ಆ ಹಾಳೆನೇ" ಎಂದರು. ಅದೂ ಸರಿಯಾಗಿತ್ತು.

ನನ್ನ ಮನಸ್ಸಿನಲ್ಲಿ ಇವೆರಡಕ್ಕಿಂತ ಬೇರೆಯೇ ಒಂದು ಪ್ರಶ್ನೆ ಕೊರೆಯುತ್ತಿತ್ತು. ನಾನು ಹೇಳದ ಅರ್ಥಕ್ಕೆ ನಾನು ಕ್ಷಮೆ ಕೇಳಬೇಕೆ? ಕೇಳಿದರೆ ಅದು ವಿನಯವೋ ಸುಳ್ಳೋ? ಕೇಳದಿದ್ದರೆ ಅದು ಸತ್ಯವೋ ಜಂಬವೋ?

ಮೊದಲ ಎರಡು ದಿನ ನಾನು ಪೂರ್ತಿ ಜಂಬದ ಕಡೆಗೇ ಇದ್ದೆ. "ಇಷ್ಟಕ್ಕೆಲ್ಲ ಹೆದರ್ತಾರಾ ಈಗಿನ ಹುಡುಗೀರು? ಒಂದು ಫೋನ್ ಮಾಡಿ ಏನು ಮೇಡಂ ಹೀಗೆ ಬರೆದಿದ್ದೀರ ಅಂತ ಕೇಳೋಕೆ ಏನಾಗಿತ್ತು?" ಎಂದು ಬಂದವರ ಮುಂದೆಲ್ಲ ಹೇಳಿದೆ. ನನ್ನ ಮಗಳು ಕೇಳಿಸಿಕೊಳ್ಳುತ್ತಿದ್ದವಳು ಆ ರಾತ್ರಿ ಒಂದು ಆಟ ಹೂಡಿದಳು. ಅವಳು ಎಲ್ಲೋ ಓದಿದ್ದಳಂತೆ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎನ್ನುವಾಕೆ ತನ್ನ ಪಿಎಚ್‌ಡಿಗಾಗಿ ಮಾಡಿದ ಪ್ರಯೋಗ. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ಬೆರಳಿನಿಂದ ಮೇಜು ಕುಟ್ಟಬೇಕು. ಎದುರಿಗೆ ಕೂತವರು ಅದು ಯಾವ ಹಾಡೆಂದು ಹೇಳಬೇಕು. ಕುಟ್ಟುವವರು, ಎದುರಿನವರು ಅರ್ಧದಷ್ಟಾದರೂ ಹಾಡುಗಳನ್ನು ಗುರುತಿಸುತ್ತಾರೆ ಎಂದುಕೊಂಡಿದ್ದರು. ಕುಟ್ಟಿದ ಹಾಡುಗಳು 120. ಗುರುತಿಸಿದ್ದು 3.

"ನೀನೂ ಕುಟ್ಟು ನೋಡೋಣ" ಎಂದಳು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ನಾನು ಹಾಡಿ ಮಲಗಿಸಿದ ಹಾಡನ್ನೇ ಊಟದ ಮೇಜಿನ ಮೇಲೆ ಕುಟ್ಟಿದೆ. ನನಗಂತೂ ಪಲ್ಲವಿ, ಆಲಾಪ, ನಮ್ಮಮ್ಮನ ದನಿ ಎಲ್ಲವೂ ಕೇಳುತ್ತಿತ್ತು. ಮಗಳು ಕಿವಿಗೊಟ್ಟು ಕೇಳಿ ತಲೆಯಾಡಿಸಿದಳು. "ಏನೂ ಗೊತ್ತಾಗಲ್ಲಮ್ಮ. ಯಾರೋ ಬಾಗಿಲು ಬಡಿದ ಹಾಗಿದೆ. ಅದೂ ಸಾಲ ವಸೂಲಿಗೆ ಬಂದವರ ಹಾಗೆ."

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಹಾಡು ಕಳಿಸಿದ್ದೆ, ಆ ಹುಡುಗಿಗೆ ತಲುಪಿದ್ದು ಬಾಗಿಲು ಬಡಿದ ಸದ್ದು. ಇ-ಮೇಲನ್ನೇ ಕುರಿತು ಇಂಥದ್ದೇ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಗಿದೆಯೆಂದು ಆಮೇಲೆ ಓದಿದೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಜೊತೆಯವರು ಮಾಡಿದ್ದು. ತಾವು ಬರೆದದ್ದು ವ್ಯಂಗ್ಯವೋ ನಿಜವೋ ಎಂಬುದು ಓದುವವರಿಗೆ ನೂರಕ್ಕೆ 78ರಷ್ಟು ಸಲ ತಿಳಿಯುತ್ತದೆ ಎಂದು ಬರೆದವರು ನಂಬಿದ್ದರು. ದನಿಯಲ್ಲಿ ಹೇಳಿದಾಗ ಕೇಳಿದವರು 73ರಷ್ಟು ಸಲ ಸರಿಯಾಗಿ ಹಿಡಿದರು. ಇ-ಮೇಲಿನಲ್ಲಿ ಹಿಡಿದದ್ದು 56ರಷ್ಟು ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಿಗುತ್ತಿತ್ತು.

ಹಾಗಾದರೆ ಇದರಲ್ಲಿ ನನ್ನ ಪಾಲೆಷ್ಟು? ಅದನ್ನು ಯೋಚಿಸುತ್ತಾ ನನಗೆ ನಮ್ಮ ಭಾಷೆಯ ಒಂದು ಜಾಣತನ ಕಂಡಿತು. ಕನ್ನಡದಲ್ಲಿ ನಾವು 'ತಪ್ಪು ಮಾಡಿದೆ' ಎನ್ನುವುದು ಕಡಿಮೆ, 'ತಪ್ಪಾಯಿತು' ಎನ್ನುವುದೇ ಹೆಚ್ಚು. 'ಮಾಡಿದೆ' ಎಂದರೆ ಅಲ್ಲೊಬ್ಬಳು ನಿಂತಿದ್ದಾಳೆ. 'ಆಯಿತು' ಎಂದರೆ ಅಲ್ಲಿ ಯಾರೂ ಇಲ್ಲ. ಮಳೆ ಬಂದ ಹಾಗೆ, ಹಾಲು ಒಡೆದ ಹಾಗೆ, ತಪ್ಪು ತನ್ನಷ್ಟಕ್ಕೆ ಆಗಿಹೋಗಿದೆ. 'ಭಯಪಡಿಸಿದರು', 'ಭಯವಾಯಿತು' ಎಂಬುದೂ ಹೀಗೆಯೇ. ಟ್ರಸ್ಟಿನವರು 'ಭಯವಾಯಿತು' ಎಂಬುದನ್ನು ಹಿಡಿದುಕೊಂಡು 'ಭಯಪಡಿಸಿದರು' ಎಂದು ಬರೆದಿದ್ದರು. ನಾನು 'ಭಯಪಡಿಸಿಲ್ಲ' ಎಂಬುದನ್ನು ಹಿಡಿದುಕೊಂಡು 'ಭಯವಾಯಿತು' ಎಂಬುದನ್ನೇ ಕೇಳಿಸಿಕೊಳ್ಳದೆ ಕೂತಿದ್ದೆ.

ನಮ್ಮ ಬೀದಿಯಲ್ಲಿ ವಕೀಲಿ ಮಾಡುವ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳ ಹತ್ತಿರ ಹೋದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಯ ನೌಕರರನ್ನು ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ, ಮಾಡಿದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು ಎಂದಳು. ಹದಿನೇಳು ವರ್ಷ ಶಾಲೆಯಲ್ಲಿದ್ದರೂ ನನಗೆ ಇದು ಗೊತ್ತಿರಲಿಲ್ಲ. ಶಾಲೆಗಳಲ್ಲಿ ದುಡಿಯುವ ನಿಮಗೂ ಗೊತ್ತಿರಲಿ ಎಂದು ಇಲ್ಲಿ ಬರೆದಿದ್ದೇನೆ. ಕಾನೂನಿನ ಕಣ್ಣಿನಲ್ಲಿ ಬೆದರಿಕೆ ಎನ್ನಿಸಿಕೊಳ್ಳಬೇಕಾದರೆ ಹೆದರಿಸುವ ಉದ್ದೇಶ ಇರಬೇಕು ಎಂದೂ ಹೇಳಿದಳು. ಆಗ ಇದ್ದ ದಂಡ ಸಂಹಿತೆಯಲ್ಲೂ ಹಾಗೆಯೇ ಇತ್ತು, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೆಯೇ ಇದೆ. ನನಗೆ ಜೀವ ಬಂದಂತಾಯಿತು. ಉದ್ದೇಶವಿರಲಿಲ್ಲ, ಆದ್ದರಿಂದ ತಪ್ಪಿಲ್ಲ! ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದೆ.

ಆದರೆ ಮೆಟ್ಟಿಲು ಹತ್ತುವಾಗ ಇನ್ನೊಂದು ಯೋಚನೆ ಬಂತು. 'ನನಗೆ ಉದ್ದೇಶವಿರಲಿಲ್ಲ' ಎಂಬ ಮಾತನ್ನು ಯಾರ್ಯಾರ ಬಾಯಲ್ಲಿ ಕೇಳಿದ್ದೇನೆ? ತಮಾಷೆಗೆ ಅಂದೆ ಎನ್ನುವ ಗಂಡಸರ ಬಾಯಲ್ಲಿ ಕೇಳಿದ್ದೇನೆ. ಸೊಸೆಯನ್ನು ಚುಚ್ಚಿ, ನಾನೇನು ಅಂಥದ್ದು ಅಂದೆ ಎನ್ನುವ ಹೆಂಗಸರ ಬಾಯಲ್ಲಿ ಕೇಳಿದ್ದೇನೆ. ನೀನೇ ಸೂಕ್ಷ್ಮ, ನೀನೇ ತಪ್ಪು ತಿಳಿದೆ ಎಂದು ನೋವನ್ನು ನೊಂದವರ ಮೇಲೇ ಹೊರಿಸುವ ಮಾತು ಅದು. 'ಇಷ್ಟಕ್ಕೆಲ್ಲ ಹೆದರ್ತಾರಾ' ಎಂದ ನನಗೂ ಅವರಿಗೂ ಏನು ವ್ಯತ್ಯಾಸ?

ನನಗೆ ತೋಚಿದ ವ್ಯತ್ಯಾಸ ಒಂದೇ. ಆಡುವ ಮುಂಚೆ ಏನಿತ್ತು ಎಂಬುದನ್ನು ಎದೆ ಸೀಳಿ ತೋರಿಸಲಾಗುವುದಿಲ್ಲ. ನೋವಾಯಿತು ಎಂದು ತಿಳಿದ ಮೇಲೆ ಏನು ಮಾಡುತ್ತೇವೆ ಎಂಬುದನ್ನು ಮಾತ್ರ ತೋರಿಸಬಹುದು. ಅಂಗಳಕ್ಕೆ ನೀರು ಚೆಲ್ಲಿದಾಗ ಬೀದಿಯಲ್ಲಿ ಹೋಗುವವರ ಸೀರೆ ನೆನೆದರೆ, ಬೇಕೆಂದೇ ಚೆಲ್ಲಿದೆಯಾ ಎಂಬ ಪ್ರಶ್ನೆಗೆ ಇಲ್ಲ ಎನ್ನಬಹುದು. ಅಷ್ಟಕ್ಕೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದೇ? ಟವೆಲ್ ಹಿಡಿದು ಓಡಿಬರುವುದಿಲ್ಲವೇ? ಓಡಿಬಂದದ್ದು ಅಪರಾಧದ ಒಪ್ಪಿಗೆಯಲ್ಲ. ನೀರು ನನ್ನ ಕೈಯಿಂದ ಹೋದದ್ದು ಎಂಬ ಹೊಣೆ. ತಪ್ಪು ಬೇರೆ, ಹೊಣೆ ಬೇರೆ. ತಪ್ಪಿಲ್ಲದಿದ್ದರೂ ಹೊಣೆ ಇರಬಹುದು.

ಇಷ್ಟರವರೆಗೆ ಬಂದ ಮೇಲೆ ಸುಲಭವಾಗಿ ಉತ್ತರ ಬರೆಯಬಹುದಿತ್ತು. ಕೂತೆ ಕೂಡ. 'ನನ್ನ ಮೇಲೆ ಕ್ರಮ ಕೈಗೊಳ್ಳುವ ಮುಂಚೆ ಒಂದು ಮಾತು ಕೇಳಬಹುದಿತ್ತು' ಎಂದು ಮೊದಲ ಸಾಲು ಬರೆದೆ. ಬರೆದು ನಿಲ್ಲಿಸಿದೆ. ಏಳು ವರ್ಷದ ಹಿಂದಿನ ಒಂದು ಚೀಟಿ ನೆನಪಾಯಿತು.

2011ರಲ್ಲಿ ನಮ್ಮ ಮನೆಗೆ ಪಾತ್ರೆ ಬಟ್ಟೆಗೆ ಒಬ್ಬಾಕೆ ಬರುತ್ತಿದ್ದಳು. ಹೆಸರು ಬರೆಯುವುದಿಲ್ಲ, ಅವಳಿಗೆ ಇಷ್ಟವಾಗುತ್ತದೋ ಇಲ್ಲವೋ. ಆರು ವರ್ಷ ದುಡಿದಿದ್ದಳು. ಒಮ್ಮೆ ಜ್ವರವೆಂದು ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಮೂರನೆಯ ಕ್ಲಾಸಿನ ಅವಳ ಮಗ ಒಂದು ಚೀಟಿ ತಂದು ಬಾಗಿಲಲ್ಲಿ ಕೊಟ್ಟು ಓಡಿದ. ರೂಲು ಹಾಳೆಯ ತುಂಡು, ಪೆನ್ಸಿಲಿನ ಅಕ್ಷರ: 'ಅಮ್ಮ ಇನ್ನು ಬರಕ್ಕಾಗಲ್ಲ.'

ಸರಿ, ಬಿಟ್ಟಳು ಎಂದುಕೊಂಡೆ. ಆರು ವರ್ಷದ ಋಣ ಇಷ್ಟೇ ಎಂದು ಸ್ವಲ್ಪ ಬೇಸರವೂ ಮಾಡಿಕೊಂಡೆ. ಎರಡೇ ದಿನದಲ್ಲಿ ಬೇರೊಬ್ಬಳನ್ನು ಗೊತ್ತು ಮಾಡಿದೆ. ಮುಂದಿನ ವಾರ ಅವಳು ಬಂದಳು, ಕಡ್ಡಿಯಾಗಿದ್ದಳು. ಹಿತ್ತಲಲ್ಲಿ ಹೊಸಬಳು ಪಾತ್ರೆ ಬೆಳಗುತ್ತಿದ್ದಳು. "ಬರಲ್ಲ ಅಂತ ನೀನೇ ಬರೆದು ಕಳಿಸಿದ್ಯಲ್ಲ" ಎಂದೆ. "ಅಯ್ಯೋ, ಹಂಗೆಲ್ಲಿ ಅಂದೆ ಅಮ್ಮಾ? ಜ್ವರ ಬಿಟ್ಟಿಲ್ಲ, ಇನ್ನೂ ಬರಕ್ಕಾಗಲ್ಲ ಅಂತ ಹೇಳು ಅಂದಿದ್ದೆ" ಎಂದಳು.

ಇನ್ನು. ಇನ್ನೂ. ಒಂದು ದೀರ್ಘ. ಎಂಟು ವರ್ಷದ ಹುಡುಗ ದೀರ್ಘ ಎಳೆಯಲು ಮರೆತದ್ದಕ್ಕೆ ಅವನ ತಾಯಿಯ ಕೆಲಸ ಹೋಗಿತ್ತು. ನಾನೇನು ಮಾಡಿದೆ ಗೊತ್ತೇ? "ಅಯ್ಯೋ, ತಪ್ಪಾಯ್ತು ಕಣೇ" ಎಂದೆ. ಹೊಸಬಳಿಗೆ ಮಾತು ಕೊಟ್ಟಾಗಿದೆ ಎಂದೆ. ಅರ್ಧ ತಿಂಗಳ ಹಣ ಕೈಗಿಟ್ಟೆ. ಅವಳು ಓದಲು ಬಾರದ ಆ ಚೀಟಿಯನ್ನು ಒಂದು ಸಲ ತಿರುಗಿಸಿ ನೋಡಿ, ಬಾಗಿಲ ಮೂಲೆಯಲ್ಲಿಟ್ಟು ಹೋದಳು. ಅವಳ ಮನೆ ನಮ್ಮಿಂದ ಎರಡು ಬೀದಿ ಆಚೆ. ಚೀಟಿ ಬಂದ ದಿನ ಹೋಗಿ, "ಏನೇ, ಯಾಕೆ ಬಿಡ್ತಿದ್ದೀಯ?" ಎಂದು ಕೇಳಲು ಹತ್ತು ನಿಮಿಷ ಸಾಕಿತ್ತು. ಜ್ವರದಲ್ಲಿ ಮಲಗಿದ್ದವಳಿಗೆ ಒಂದು ಲೋಟ ಗಂಜಿಯನ್ನೂ ಕೊಟ್ಟು ಬರಬಹುದಿತ್ತು. ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಕೇಳದಿದ್ದರೆ ನನಗೇನೂ ನಷ್ಟವಿರಲಿಲ್ಲ, ಅದಕ್ಕೆ.

ಇದು ಹೊಳೆದ ಮೇಲೆ ನನಗೆ ಕಚೇರಿಯ ವ್ಯವಹಾರವೆಲ್ಲ ಬೇರೆಯಾಗಿ ಕಂಡಿತು. ಕಾರ್ಯದರ್ಶಿಗಳು 'ಬನ್ನಿ, ಮಾತಾಡಬೇಕು' ಎಂದು ಎರಡು ಪದ ಕಳಿಸಿದರೆ ನಾವು ಅದಕ್ಕೆ ಐದು ಒಳ್ಳೆಯ ಅರ್ಥ ಹುಡುಕುತ್ತೇವೆ. ಗಡಿಬಿಡಿಯಲ್ಲಿ ಬರೆದಿರಬೇಕು, ಅವರ ಸ್ವಭಾವವೇ ಹಾಗೆ, ಮನಸ್ಸಿನಲ್ಲಿ ಏನೂ ಇಲ್ಲ. ಕೆಳಗಿನವರ ಮಾತಿಗೆ ಅಷ್ಟು ಹುಡುಕುವ ಗೋಜು ಮೇಲಿನವರಿಗಿಲ್ಲ. ಮೊದಲು ಸಿಕ್ಕ ಅರ್ಥವೇ ಕೊನೆಯದು. ಟ್ರಸ್ಟಿನವರು ನನಗೆ ಮಾಡಿದ್ದು ಇದನ್ನೇ. ನಾನು ಅವಳಿಗೆ ಮಾಡಿದ್ದೂ ಇದನ್ನೇ. ಅವರಾದರೂ ಏಳು ದಿನ ಕೊಟ್ಟಿದ್ದರು. ನಾನು ಎರಡೇ ದಿನಕ್ಕೆ ಮುಗಿಸಿದ್ದೆ.

ಏಳನೆಯ ದಿನ ಉತ್ತರ ಕೊಟ್ಟೆ. ಅವರ ಒಕ್ಕಣೆಗೆ ಸಹಿ ಹಾಕಲಿಲ್ಲ. ನನ್ನದೇ ಬರೆದೆ: 'ನಾನು ಯಾರನ್ನೂ ಬೆದರಿಸಿಲ್ಲ, ಆದ್ದರಿಂದ ಬೆದರಿಸಿದೆನೆಂದು ಬರೆದುಕೊಡಲಾರೆ. ಆದರೆ ನಾನು ಬರೆದ ಮಾತು ಇನ್ನೊಬ್ಬರಿಗೆ ಭಯ ತಂದಿದೆ. ಆ ಮಾತು ನನ್ನದು. ಭಯ ತಂದದ್ದಕ್ಕೆ ಕ್ಷಮೆ ಕೇಳುತ್ತೇನೆ, ಅದನ್ನು ಅವರ ಎದುರಿಗೇ ಕೇಳಲು ಅವಕಾಶ ಕೊಡಬೇಕು.' ನಮ್ಮವರು ಓದಿ, "ಇದರಿಂದ ಕೆಲಸ ಉಳಿಯುತ್ತೋ ಇಲ್ವೋ" ಎಂದರು. "ಗೊತ್ತಿಲ್ಲ" ಎಂದೆ. ಅವರು ಇನ್ನೊಂದು ಮಾತಾಡದೆ ಅಂಗಡಿಯಲ್ಲಿ ಅದನ್ನು ಮೂರು ಪ್ರತಿ ಜೆರಾಕ್ಸ್ ಮಾಡಿ ತಂದರು.

ಮುಂದಿನ ವಾರ ವಿಚಾರಣೆಗೆ ಕರೆದರು. ಉದ್ದದ ಮೇಜು, ಆಚೆ ಮೂವರು ಹಿರಿಯರು, ಪಕ್ಕದಲ್ಲಿ ಆ ಹುಡುಗಿ. ಪುಟ್ಟ ಆಳು, ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ನನ್ನ ಆ ಮೂರು ಸಾಲನ್ನು ನಾನೇ ಗಟ್ಟಿಯಾಗಿ ಓದುತ್ತೇನೆಂದು ಕೇಳಿಕೊಂಡೆ. ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದ ದನಿಯಲ್ಲೇ ಓದಿದೆ. ಆಮೇಲೆ ಅವಳ ಕಡೆ ತಿರುಗಿ, "ಹೀಗೆ ಹೇಳಬೇಕು ಅಂತಿದ್ದೆ ಅಮ್ಮ. ನಿಮಗೆ ಹೇಗೆ ಕೇಳಿಸ್ತೋ ಅದು ನನಗೆ ಗೊತ್ತಾಗಲಿಲ್ಲ" ಎಂದೆ.

ಅವಳು ತುಂಬ ಹೊತ್ತು ಸುಮ್ಮನಿದ್ದು ಹೇಳಿದಳು: "ಮೇಡಂ, ನಾನು ಕಂಪ್ಲೇಂಟ್ ಕೊಟ್ಟಿಲ್ಲ. ಸರ್ ಕರೆದು ಕೇಳಿದ್ರು, ಇದನ್ನ ಓದಿ ಭಯ ಆಯ್ತಾ ಅಂತ. ಆಗಿತ್ತು, ಅದಕ್ಕೆ ಹೌದು ಅಂದೆ. ಹಿಂದಿನ ಕೆಲಸದಲ್ಲಿ ಒಬ್ಬರು ನಾನು ನೋಡ್ಕೋತೀನಿ ಅಂದು, ಒಂದೇ ತಿಂಗಳಲ್ಲಿ ನನ್ನನ್ನ ತೆಗೆಸಿದ್ರು. ಮತ್ತೆ ಹಾಗೇ ಆಗುತ್ತೆ ಅಂತ ರಾತ್ರಿಯೆಲ್ಲ ಕೂತಿದ್ದೆ."

ನಾನು ಸಂಬಳದ ಲೆಕ್ಕ ಹಾಕುತ್ತಾ ಕೂತಿದ್ದ ರಾತ್ರಿಗಳಂಥದ್ದೇ ಒಂದು ರಾತ್ರಿ ಅವಳೂ ಕೂತಿದ್ದಳು. ಅದೂ ನನ್ನಿಂದ. ನಾನು ಕ್ಷಮೆ ಕೇಳಿದೆ. ಆ ಕ್ಷಣದಲ್ಲಿ ಅದು ಸುಳ್ಳೋ ವಿನಯವೋ ಎಂಬ ಪ್ರಶ್ನೆಯೇ ಏಳಲಿಲ್ಲ.

ಕೆಲಸ ಉಳಿಯಿತು. ಇದನ್ನು ನನ್ನ ಸತ್ಯಕ್ಕೆ ಸಿಕ್ಕ ಜಯವೆಂದು ಬರೆಯಲಾರೆ. ಹಣದ ಲೆಕ್ಕ ಸರಿಯಿದ್ದದ್ದು, ದಾಖಲಾತಿಯ ಕಾಲದಲ್ಲಿ ಬೇರೆ ಗುಮಾಸ್ತೆ ಸಿಗದಿದ್ದದ್ದು, ಎಲ್ಲವೂ ಸೇರಿರಬಹುದು. ಸಹಿ ಹಾಕದೆ ಕೆಲಸ ಕಳೆದುಕೊಂಡವರೂ ಇದ್ದಾರು. ಸಂಸಾರ ನೆನೆದು ಸಹಿ ಹಾಕಿದವರನ್ನು ಅಂಜುಬುರುಕರೆನ್ನಲು ನನಗೆ ಬಾಯಿ ಬರುವುದಿಲ್ಲ. 'ಎಚ್ಚರಿಕೆ ನೀಡಲಾಗಿದೆ' ಎಂಬ ಹಾಳೆಯೊಂದು ನನ್ನ ಕಡತದಲ್ಲಿ ಉಳಿಯಿತು. ಬೀಗದಕೈ ಒಂದು ತಿಂಗಳ ಮೇಲೆ ವಾಪಸು ಬಂತು. ಈಗ ಪತ್ರ ಬರೆದ ಮೇಲೆ ಅದನ್ನು ಹೆದರಿದವರೊಬ್ಬರು ಓದುವ ಹಾಗೆ ಒಂದು ಸಲ ಓದಿ ನೋಡುತ್ತೇನೆ. ಇನ್ನೊಬ್ಬರ ಪತ್ರ ನೋಡಿ ನನಗೆ ಸಿಟ್ಟು ಬಂದರೆ, ಅವರಿಗೆ ಫೋನ್ ಮಾಡಿ ಕೇಳುತ್ತೇನೆ. ನನ್ನ ಕೈಯಲ್ಲಿ ಅವರ ಅನ್ನ ಇದ್ದರಂತೂ ಕೇಳಲೇಬೇಕು.

ಬೀಗದಕೈ ವಾಪಸು ಬಂದ ವಾರ, ಆ ಎರಡು ಬೀದಿಯನ್ನು ದಾಟಿ ಹೋದೆ. ಏಳು ವರ್ಷ ತಡವಾಗಿ. ಅವಳು ಕೈಗಾರಿಕಾ ಪ್ರದೇಶದ ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದಳು. ಪಾಳಿ ಮುಗಿಸಿ ಬಸ್ಸಿಳಿದು ಬರುತ್ತಿದ್ದವಳನ್ನು ಬಾಗಿಲಲ್ಲೇ ಹಿಡಿದೆ. ಮಗ ಹೈಸ್ಕೂಲಿಗೆ ಬಂದಿದ್ದ. ಚೀಟಿಯ ವಿಷಯ ಎತ್ತಿದೆ. "ಅವತ್ತು ನಾನು ತಪ್ಪು ಮಾಡಿದೆ. ಬಂದು ಕೇಳಬೇಕಿತ್ತು, ಕೇಳಲಿಲ್ಲ" ಎಂದೆ. 'ತಪ್ಪಾಯ್ತು' ಎನ್ನಲಿಲ್ಲ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಬುತ್ತಿಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು, "ಹೋಗ್ಲಿ ಬಿಡಿ ಅಮ್ಮಾ" ಎಂದಳು.

ಮನ್ನಿಸಿದ್ದೇನೆ ಎಂದಳೋ, ಈಗ್ಯಾಕೆ ಆ ಮಾತು ಎಂದಳೋ? ದನಿಯೂ ಇತ್ತು, ಮುಖವೂ ಎದುರಿಗಿತ್ತು. ಆದರೂ ನನಗೆ ಗೊತ್ತಾಗಲಿಲ್ಲ. ಕೇಳೋಣವೆಂದುಕೊಂಡೆ. ದಿನವಿಡೀ ಮಿಷನ್ ಮುಂದೆ ಕೂತು ಬಂದವಳು, ಒಳಗೆ ಒಲೆ ಹಚ್ಚಬೇಕಿತ್ತು. ಇದೊಂದನ್ನು ಕೇಳುವ ಹಕ್ಕು ನನಗಿಲ್ಲ ಎನಿಸಿ, ಹೂವಿನ ಪೊಟ್ಟಣವನ್ನು ಅವಳ ಕೈಗಿಟ್ಟು ಬಂದೆ.